ಹೆಸರಿಲ್ಲದೆ ಕರೆಯುವ ದನಿ

ಬೋಟಿನಿಂದ ಇಳಿದು ಯುರೋಪಿನ ಅಂಚಿನ ಈ ದ್ವೀಪದ ದಡ ಹತ್ತಿದವರು ಮೊದಲು ಮಾಡುವ ಕೆಲಸ ಅಡಗಿಕೊಳ್ಳುವುದು, ಸಿಕ್ಕಿಬಿದ್ದರೆ ಮತ್ತೆ ಸಮುದ್ರಕ್ಕೇ ತಳ್ಳುತ್ತಾರೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕಾಲು ತಾನಾಗಿ ಗುಡ್ಡದ ಕಡೆ ಓಡುತ್ತದೆ. ಪಲ್ವಷಾ ಕೂಡ ಹಾಗೇ ಓಡಿದಳು. ಕಂಕುಳಲ್ಲಿ ಮಗ ಇಲ್ಯಾಸ್, ಮುಂದೆ ಗಂಡ ಬರಿಯಾಲೈ, ಹಿಂದೆ ಏದುಸಿರು ಬಿಡುತ್ತ ಬೋಟಿನಲ್ಲಿ ಪಕ್ಕ ಕೂತಿದ್ದ, ಎಲ್ಲರೂ ಕಾಕಾ ಎನ್ನುತ್ತಿದ್ದ ಮುದುಕ. ಉಳಿದವರು ಮಂಜಿನಲ್ಲಿ ಎತ್ತ ಹೋದರೋ ಗೊತ್ತಾಗಲಿಲ್ಲ. ಹೊತ್ತು ನೆತ್ತಿಗೇರಿದರೂ ಮಂಜು ಕರಗುವ ಲಕ್ಷಣವಿರಲಿಲ್ಲ.

ಆಲಿವ್ ಮರಗಳ ಮೇಲ್ಗಡೆ ಕಲ್ಲಿನ ಹಳೇ ಕುರಿದೊಡ್ಡಿ ಸಿಕ್ಕಿತು. ಅದರೊಳಗೆ ಇವರಿಗಿಂತ ಮೊದಲು ಯಾರೋ ಇದ್ದರು. ಮೂರು ಕಲ್ಲಿನ ಒಲೆಯಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಕೆಟಲಿನಲ್ಲಿ ಹಸಿರು ಚಹಾ, ಮುಟ್ಟಿದರೆ ಬೆಚ್ಚಗೆ. ಏಲಕ್ಕಿ ಹಾಕಿದ್ದರು, ಅಂದರೆ ಅಫ್ಘಾನಿಸ್ತಾನದ ಕಡೆಯವರೇ. ಗೋಡೆಯ ಮೇಲೆ ಒಣಗಲು ಹಾಕಿದ ಕಾಲುಚೀಲ, ಒಂದು ಹೆಂಗಸಿನ ಚಪ್ಪಲಿ, ಹಲ್ಲಿನ ಗುರುತಿರುವ ಅರ್ಧ ರೊಟ್ಟಿ. ಎಲ್ಲ ಇತ್ತು, ಜನ ಮಾತ್ರ ಇರಲಿಲ್ಲ.

"ಚಹಾ ಬಿಟ್ಟು ಯಾರಾದ್ರೂ ಎದ್ದು ಹೋಗ್ತಾರಾ?" ಎಂದಳು ಪಲ್ವಷಾ.

"ಬಿಸಿ ಊಟ ಸಿಗುತ್ತೆ ಅಂದ್ರೆ ನಾನಂತೂ ಹೋಗ್ತೀನಿ," ಎಂದು ಕಾಕಾ ಆ ಚಹಾವನ್ನೇ ಬಗ್ಗಿಸಿಕೊಂಡು ಕುಡಿದ.

ಬರಿಯಾಲೈ ಫೋನು ತೆಗೆದು ನೂರಿಯಾಳಿಗೆ ಹಚ್ಚಿ ಸ್ಪೀಕರ್ ಒತ್ತಿದ. ನೂರಿಯಾ ಇವರ ಕಡೆಯವಳೇ. ಹಿಂದೊಮ್ಮೆ ಹೀಗೇ ಬೋಟಿನಲ್ಲಿ ಬಂದು, ಈಗ ಇದೇ ದ್ವೀಪದ ಪೇಟೆಯಲ್ಲಿ ವಕೀಲರೊಬ್ಬರ ಹತ್ತಿರ ದುಭಾಷಿಯಾಗಿದ್ದಾಳೆ. ಬರುವವರೆಲ್ಲರ ಫೋನಿನಲ್ಲೂ ಅವಳ ನಂಬರಿರುತ್ತದೆ.

"ತಮ್ಮಾ, ಗುಡ್ಡದಲ್ಲಿದ್ದೀರಾ? ಸರಿ, ನೀವಿರೋ ಜಾಗ ಕಳ್ಸು. ಎಲ್ಲರ ಮುಖವೂ ಹಿಂದಿನ ಗೋಡೆಯೂ ಕಾಣೋ ಹಾಗೆ ಒಂದು ಫೋಟೋ ಕಳ್ಸು. ಈಗ ಹೆಸರು ಹೇಳು."

ಫೋಟೋ ತೆಗೆಯುವಾಗ ಕಾಕಾ ಪಕ್ಕಕ್ಕೆ ಸರಿದುಕೊಂಡ. ಬರಿಯಾಲೈ ಎರಡನ್ನೂ ಕಳಿಸಿ, ತನ್ನ ಹೆಸರು, ಅಪ್ಪನ ಹೆಸರು, ಮಗನ ಹೆಸರು ಹೇಳಿದ.

"ಹೆಂಡ್ತಿ?"

"ನಮ್ಮನೆಯವರು ಅಂತ ಬರ್ಕೊಳ್ಳಿ ಅಕ್ಕಾ."

"ಲೋಕದ ತುಂಬಾ ಮನೆಯವರಿದ್ದಾರೆ. ಹೆಸರು ಬೇಕು."

"ಇಲ್ಯಾಸನ ತಾಯಿ."

ಬೇರೆ ಗಂಡಸರ ಕಿವಿಗೆ ಹೆಂಡತಿಯ ಹೆಸರು ಬಿದ್ದರೆ ಇವರ ಕಡೆ ಮಾನ ಹೋದಂತೆ. ಮದುವೆಯ ಓಲೆಯಲ್ಲಿ ಹೆಣ್ಣಿನ ಹೆಸರು ಇರುವುದಿಲ್ಲ, ಸತ್ತರೆ ಗೋರಿಯ ಮೇಲೂ ಎಷ್ಟೋ ಸಲ ಇರುವುದಿಲ್ಲ. ಈಗ ಪಕ್ಕದಲ್ಲೇ ಕಾಕಾ ಕಿವಿ ನಿಮಿರಿಸಿ ಕೂತಿದ್ದಾನೆ.

"ಹೆಸರು ಯಾಕಂತೆ?" ಎಂದು ಕೇಳಿದ ಕಾಕಾ.

ನೂರಿಯಾಳಿಗೆ ಅದು ಕೇಳಿಸಿತು. "ಕೋರ್ಟಿಗೆ, ಕಾಕಾ. ಸ್ಟ್ರಾಸ್‌ಬರ್ಗ್ ಅಂತ ಊರು, ಫ್ರಾನ್ಸಲ್ಲಿ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅಲ್ಲಿದೆ. ಇವರನ್ನ ಈಗಲೇ ಹೊರಗೆ ಹಾಕಿದ್ರೆ ಜೀವಕ್ಕೇ ಅಪಾಯ ಅಂತ ಅರ್ಜಿ ಹಾಕ್ತೀವಿ. ಕೋರ್ಟಿಗೆ ನಿಜ ಅನ್ನಿಸಿದ್ರೆ, ‘ನಾವು ನೋಡೋವರೆಗೂ ಇಂಥಿಂಥವರನ್ನ ಮುಟ್ಟಬೇಡಿ’ ಅಂತ ಇಲ್ಲಿನ ಸರ್ಕಾರಕ್ಕೆ ತಡೆ ಕಳಿಸುತ್ತೆ."

"ನಾವು ಇಲ್ಲಿ ಕುರಿದೊಡ್ಡಿಯಲ್ಲಿ, ಅವರು ಅಲ್ಲಿ ಫ್ರಾನ್ಸಲ್ಲಿ. ಕೈ ಚಾಚಿದ್ರೆ ತಲುಪುತ್ತಾ?"

"ಕೈ ತಲುಪಲ್ಲ, ಮಾತು ತಲುಪುತ್ತೆ. ಈ ದೇಶವೂ ಸೇರಿ ನಲವತ್ತಾರು ದೇಶ ಆ ಕೋರ್ಟಿನ ಮಾತಿಗೆ ಬದ್ಧ ಅಂತ ಒಪ್ಪಿಕೊಂಡಿವೆ."

"ಒಪ್ಪಿಕೊಂಡು ಕೇಳದೇ ಇದ್ರೆ?"

"ಕೇಳದೇ ಇದ್ದದ್ದೂ ಉಂಟು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲಿ ಹೆಸರಿದ್ದವರನ್ನ ‘ಇವರು ಬಂದೇ ಇರ್ಲಿಲ್ಲ’ ಅನ್ನೋಕಾಗಲ್ಲ. ನಿಮ್ಮ ಹೆಸರೂ ಹೇಳಿಬಿಡಿ ಕಾಕಾ."

"ನಾನು ಜರ್ಮನಿಗೆ ಹೋಗೋನು. ಇಲ್ಲಿ ಹೆಸರು ಕೊಟ್ಟು ಸಿಕ್ಕಿಹಾಕ್ಕೊಳ್ಳೋಕೆ ನನಗೇನು ಹುಚ್ಚೇ?" ಎಂದು ಕಾಕಾ ಜೇಬಿನಿಂದ ಒಣಗಿದ ಹಿಪ್ಪುನೇರಳೆ ಹಣ್ಣು ತೆಗೆದು ಇಲ್ಯಾಸನ ಬಾಯಿಗಿಟ್ಟ.

"ತಮ್ಮಾ, ನನ್ನ ಮಾತು ಕೇಳು," ಎಂದಳು ನೂರಿಯಾ. "ಬೋಟು ಹತ್ತೋ ಮೊದಲು ನೀನೇ ನನಗೆ ಹೇಳಿದ್ದೆ, ಊರಲ್ಲಿ ಹೆಣ್ಣುಮಕ್ಕಳಿಗೆ ಕದ್ದು ಪಾಠ ಹೇಳಿದವಳು ಯಾರು? ಮನೆಗೆ ಬಂದೂಕು ಹಿಡಿದು ಬಂದವರು ಯಾರನ್ನ ಕೇಳ್ಕೊಂಡು ಬಂದ್ರು? ಅಪಾಯ ಇರೋದು ಅವಳಿಗೆ. ಅರ್ಜಿಯಲ್ಲಿ ಅವಳೇ ಇಲ್ಲ ಅಂದ್ರೆ ನಿನ್ನನ್ನ ಉಳಿಸ್ಕೊಂಡು ಅವಳನ್ನ ಮಾತ್ರ ಸಮುದ್ರಕ್ಕೆ ತಳ್ಳಿದ್ರೆ ಏನ್ಮಾಡ್ತೀಯ?"

ಬರಿಯಾಲೈ ನೆಲ ನೋಡಿದ. ಪಲ್ವಷಾ ಗಂಡನ ಮುಖ ನೋಡಿದಳು. ಆಗಲೇ ಆ ದನಿ ಕೇಳಿದ್ದು.

ಅದು ಕೆಳಗಿನಿಂದ, ಮಂಜಿನೊಳಗಿಂದ ಬಂತು. ಅಚ್ಚ ಪಷ್ತೋ, ಅದೂ ಇವರ ಕಣಿವೆಯ ರಾಗದಲ್ಲಿ. "ಅಣ್ಣಂದಿರೇ, ಅಕ್ಕಂದಿರೇ, ಇಳಿದು ಬನ್ನಿ. ಬಸ್ಸು ನಿಂತಿದೆ. ಕ್ಯಾಂಪಿನಲ್ಲಿ ಬಿಸಿ ಊಟ ಇದೆ."

ಅಷ್ಟು ದೂರದ ನೆಲದಲ್ಲಿ ತಾಯಿಭಾಷೆ ಕೇಳಿದರೆ ಯಾರಿಗೆ ಕಣ್ಣು ತುಂಬುವುದಿಲ್ಲ? ಕಾಕಾ ಎದ್ದೇಬಿಟ್ಟ. "ನಮ್ಮವನೇ ಕಣಪ್ಪಾ. ಬನ್ನಿ."

"ಹೋಗಬೇಡಿ ಕಾಕಾ," ಫೋನಿನಲ್ಲಿ ನೂರಿಯಾ ಹೇಳುತ್ತಲೇ ಇದ್ದಳು. "ಇವತ್ತು ಆ ಕಡೆಗೆ ಯಾವ ಬಸ್ಸೂ ಹೊರಟಿಲ್ಲ. ಯಾರು ಅಂತ ಕೇಳಿ."

ಕಾಕಾ ಕೇಳಲಿಲ್ಲ. ಕೋಲೂರಿಕೊಂಡು ಇಳಿದ. ನಾಲ್ಕು ಹೆಜ್ಜೆಗೆ ಮಂಜು ಅವನನ್ನು ನುಂಗಿತು. "ಬಂದೆ, ಬಂದೆ," ಎನ್ನುವುದು ಮಾತ್ರ ಕೇಳುತ್ತಿತ್ತು. ಎಲ್ಲೋ ಮೇಯುತ್ತಿದ್ದ ಆಡುಗಳ ಗಂಟೆ ಗಣಗಣ ಎಂದಿತು. ಆಮೇಲೆ ಗಂಟೆ ನಿಂತಿತು, ಕಾಕಾನ ದನಿಯೂ ನಿಂತಿತು. ಹೌಹಾರಿದ ಸದ್ದಿಲ್ಲ, ಜಗಳವಿಲ್ಲ, ಏನೂ ಇಲ್ಲ. ಕೆಳಗೆ ಸಮುದ್ರದ ಕಡೆ ಒಂದು ಇಂಜಿನ್ನು ಗುರುಗುಟ್ಟಿ ದೂರವಾಯಿತು.

"ಕಾಕಾ," ಎಂದು ಬರಿಯಾಲೈ ಮೆಲ್ಲಗೆ ಕರೆದ.

ಉತ್ತರವಾಗಿ ಬಂದದ್ದು ಆ ದನಿಯೇ. ಅದೇ ಮಾತು, ಅದೇ ರಾಗ, ಮೊದಲಿಗಿಂತ ಹತ್ತಿರದಿಂದ. "ಅಣ್ಣಂದಿರೇ, ಅಕ್ಕಂದಿರೇ, ಇಳಿದು ಬನ್ನಿ."

ಈ ದನಿಗೆ ತಾವು ಯಾರೆಂದು ಗೊತ್ತಿಲ್ಲ, ಗೊತ್ತಾಗುವುದೂ ಬೇಕಿಲ್ಲ ಎಂದು ಪಲ್ವಷಾಳಿಗೆ ಹೊಳೆಯಿತು. ಚಹಾ ಬಿಟ್ಟು ಹೋದವರನ್ನೂ ಇದು ಹೀಗೇ ಕರೆದಿರಬೇಕು. ಅವಳು ಗಂಡನ ಕೈಯಿಂದ ಫೋನು ಕಸಿದುಕೊಂಡಳು.

"ಅಕ್ಕಾ, ಬರ್ಕೊಳ್ಳಿ. ಪಲ್ವಷಾ."

ಗುಡ್ಡದ ಗಾಳಿಗೆ ಫೋನು ಗೊರಗೊರ ಎಂದಿತು. "ಕೇಳ್ತಿಲ್ಲ ತಂಗೀ, ಇನ್ನೊಮ್ಮೆ ಹೇಳು."

"ಪಲ್ವಷಾ."

"ಸಿಗ್ನಲ್ ಹೋಗ್ತಿದೆ. ಎತ್ತರಕ್ಕೆ ಹೋಗಿ ಜೋರಾಗಿ ಹೇಳಿ."

ಮಗು ಅಳತೊಡಗಿತು. ದೊಡ್ಡಿಯ ಗೋಡೆ ಬಿಟ್ಟರೆ ಎತ್ತರದ ಜಾಗ ಇನ್ನೊಂದಿಲ್ಲ, ಮಗುವನ್ನೆತ್ತಿಕೊಂಡು ಅದನ್ನು ಹತ್ತಲು ಅವಳಿಂದಾಗದು. ಅವಳು ಫೋನನ್ನು ಗಂಡನ ಮುಂದೆ ಹಿಡಿದಳು. "ನೀವು ಹತ್ತಿ."

"ಕೂಗಿದ್ರೆ ಕೆಳಗಿನವರಿಗೂ ಕೇಳುತ್ತೆ."

"ಅವರಿಗೆ ನಾವಿರೋ ಜಾಗ ಆಗಲೇ ಗೊತ್ತು. ಗೊತ್ತಿಲ್ಲದೇ ಇರೋದು ಕೋರ್ಟಿಗೆ."

"ಇಲ್ಯಾಸನ ತಾಯೀ..."

"ಇಲ್ಯಾಸನ ತಾಯಿನ ಸಮುದ್ರಕ್ಕೆ ಹಾಕಿದ್ರೆ ಯಾರನ್ನ ಅಂತ ಹುಡುಕ್ತೀರಿ? ಹೇಳಿ. ಯಾರು ಕಳೆದುಹೋದ್ರು ಅಂತ ಬರೆಸ್ತೀರಿ?"

ಬರಿಯಾಲೈ ಫೋನು ತೆಗೆದುಕೊಂಡ. ಗೋಡೆ ಹತ್ತಿದ. ಇಷ್ಟು ವರ್ಷದ ಸಂಸಾರದಲ್ಲಿ ಮುಚ್ಚಿದ ಬಾಗಿಲಿನ ಹಿಂದೆಯೂ ಪಿಸುಗುಟ್ಟಿಯೇ ಕರೆದಿದ್ದ ಹೆಸರನ್ನು ಗಂಟಲು ಹರಿಯುವಂತೆ ಕೂಗಿದ.

"ಪಲ್ವಷಾ. ಜಮಾಲುದ್ದೀನರ ಮಗಳು ಪಲ್ವಷಾ. ನನ್ನ ಹೆಂಡತಿ."

ಗುಡ್ಡವೆಲ್ಲ ಅದನ್ನು ತಿರುಗಿ ಹೇಳಿತು. ಕೆಳಗಿನ ದನಿ ಅರ್ಧ ಮಾತಿಗೇ ನಿಂತುಹೋಯಿತು.

"ಬರ್ಕೊಂಡೆ," ಎಂದಳು ನೂರಿಯಾ. "ಪೊಲೀಸರಿಗೂ ಕಳಿಸಿದೆ, ಕೋರ್ಟಿಗೂ ಕಳಿಸ್ತಿದ್ದೀವಿ. ಅಲ್ಲೇ ಇರಿ. ಯಾರು ಕರೆದ್ರೂ ಹೆಸರು ಹಿಡಿದು ಕರೆಯೋವರೆಗೂ ಇಳೀಬೇಡಿ."

ಆ ದನಿ ಮತ್ತೆ ಬರಲಿಲ್ಲ. ಗಂಡ ಹೆಂಡತಿ ಗೋಡೆಗೊರಗಿ ಮಂಜನ್ನೇ ನೋಡುತ್ತ ಕೂತರು. ಸಂಜೆ ಬಿಸಿಲಿಳಿಯುವ ಹೊತ್ತಿಗೆ ಮಂಜು ಹರಿಯಿತು. ಸಮವಸ್ತ್ರದ ಅಧಿಕಾರಿಯೊಬ್ಬ, ವಕೀಲರು, ನೂರಿಯಾ ಗುಡ್ಡ ಹತ್ತಿ ಬಂದರು. ಸ್ಟ್ರಾಸ್‌ಬರ್ಗಿನಿಂದ ತಡೆ ಬಂದಿತ್ತು. ಅಧಿಕಾರಿ ಕಾಗದ ನೋಡಿ ಮೂರು ಹೆಸರು ಓದಿದ. ಮೂರನೆಯದಕ್ಕೆ ಪಲ್ವಷಾ ಎದ್ದು ನಿಂತು, "ನಾನೇ," ಎಂದಳು. ಬರಿಯಾಲೈ ತಲೆ ತಗ್ಗಿಸಲಿಲ್ಲ.

"ಫೋನಲ್ಲಿ ಮಾತಾಡಿದ ಕಾಕಾ ಎಲ್ಲಿ?" ಎಂದು ಕೇಳಿದಳು ನೂರಿಯಾ.

ಇಬ್ಬರೂ ಕೆಳಗಿನ ದಾರಿಯ ಕಡೆ ಕೈ ತೋರಿಸಿದರು.

"ಅವರ ಹೆಸರೇನು? ಅವರಿಗೂ ಅರ್ಜಿ ಹಾಕೋಣ. ಮನೆಯವರಿಗೆ ತಿಳಿಸೋಣ."

ಬರಿಯಾಲೈ ಹೆಂಡತಿಯ ಮುಖ ನೋಡಿದ. ಪಲ್ವಷಾ ಗಂಡನ ಮುಖ ನೋಡಿದಳು. ಇಬ್ಬರಿಗೂ ಗೊತ್ತಿರಲಿಲ್ಲ. ಇವತ್ತು ಈ ದ್ವೀಪಕ್ಕೆ ಮುದುಕನೊಬ್ಬ ಬಂದಿದ್ದ ಎನ್ನಲು ಒಂದು ಕಾಗದವೂ ಇಲ್ಲ ಎಂದ ಅಧಿಕಾರಿ. ಪಲ್ವಷಾ ಅಲ್ಲೇ ಕುಸಿದು ಕೂತು ಅತ್ತಳು.

ಅಣ್ಣಂದಿರೇ, ಅಕ್ಕಂದಿರೇ ಎಂದು ನೂರಿಯಾಳ ಜೊತೆ ಕೆಲಸ ಮಾಡುವ ನಾವು ನಿಮ್ಮನ್ನು ಕರೆಯುವುದಿಲ್ಲ, ಆ ಕರೆ ಈಗ ಕೆಟ್ಟುಹೋಗಿದೆ. ದಾಟಲು ಹೊರಟವರಿಗೆ ನಾವು ಹಂಚುವ ಈ ಚೀಟಿ ಓದುತ್ತಿರುವ ನೀವು, ನಿಮ್ಮ ನಿಮ್ಮ ಹೆಸರು ಹಿಡಿದೇ ಕರೆದೆವೆಂದುಕೊಂಡು ಕೇಳಿ. ಆ ನ್ಯಾಯಾಲಯ ಮನೆ ಕೊಡುವುದಿಲ್ಲ, ಕೆಲಸ ಕೊಡುವುದಿಲ್ಲ, ಇಲ್ಲೇ ಇರಿ ಎಂದು ಹರಸುವುದೂ ಇಲ್ಲ. ನಿಮ್ಮ ಮಾತು ಕೇಳುವ ಮೊದಲೇ ನಿಮ್ಮನ್ನು ಸಾವಿನ ಬಾಯಿಗೆ ತಳ್ಳಬೇಡಿ ಎಂದು ಸರ್ಕಾರಕ್ಕೆ ಹೇಳುತ್ತದೆ, ಅಷ್ಟೇ. ಅಷ್ಟು ಹೇಳಲಿಕ್ಕೂ ಅದಕ್ಕೆ ನಿಮ್ಮ ಹೆಸರು ಬೇಕು. ಹೊರಡುವ ಮೊದಲು ವಕೀಲರ ನಂಬರು ಬಾಯಿಪಾಠ ಮಾಡಿ. ಪಕ್ಕ ಕೂತ ಮುದುಕರ ಹೆಸರನ್ನೂ ಅವರಪ್ಪನ ಹೆಸರನ್ನೂ ಕೇಳಿ ನೆನಪಿಟ್ಟುಕೊಳ್ಳಿ, ಅವರು ಬೈದರೂ ಪರವಾಗಿಲ್ಲ. ಮತ್ತೆ, ಮನೆಯ ಯಜಮಾನರೇ, ನಿಮ್ಮ ಹೆಂಡತಿಯ ಹೆಸರನ್ನು ಇವತ್ತು, ಈಗ, ನಾಲ್ಕು ಜನರ ಮುಂದೆ ಒಂದು ಸಲ ಜೋರಾಗಿ ಹೇಳಿ. ನಾಲಿಗೆಯೇನೂ ಬಿದ್ದುಹೋಗುವುದಿಲ್ಲ.