ವಾರಗಿತ್ತಿಯ ಸೈಕಲ್ಲು, ಅಕ್ಕನ ಹೊಟ್ಟೆಕಿಚ್ಚು

ನಮ್ಮ ಬೀದಿಯ ಲಾಂಡ್ರಿ ಅಕ್ಕನಿಗೆ ಒಂದು ತಿಂಗಳಿಂದ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಯಾಕೆ ಹೇಳಲಿ? ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಪಕ್ಕದ ಓಣಿಯಲ್ಲಿ ಅದೇ ಲಾಂಡ್ರಿ ಕೆಲಸ ಮಾಡುವವಳು, ಹೊಸ ಸೈಕಲ್ ಕೊಂಡಿದ್ದಳು. ಡಚ್ ಮಾದರಿಯದಂತೆ. ಬೆನ್ನು ನೆಟ್ಟಗಿಟ್ಟು ಕೂರಬಹುದು. ಮುಂದೆ ಬುಟ್ಟಿ, ಹಿಂದೆ ಅಗಲವಾದ ಕ್ಯಾರಿಯರ್. ಅಕ್ಕ ಮಾತ್ರ ಬಟ್ಟೆಯ ಗಂಟು ಹೊತ್ತು ನಡೆಯುತ್ತಿದ್ದಳು. ಬಲಭುಜ ಎತ್ತಲಾಗದಷ್ಟು ನೋವು.

"ಸೋಮವಾರ ಬೆಳಿಗ್ಗೆ ಎಂಟರೊಳಗೆ ಬೆಡ್‌ಶೀಟ್ ಬರಲಿಲ್ಲ ಅಂದ್ರೆ ಆವತ್ತಿಂದ ನಿಮ್ಮ ವಾರಗಿತ್ತಿಗೇ ಕೊಡ್ತೀವಮ್ಮ," ಎಂದು ಲಾಡ್ಜಿನ ಮ್ಯಾನೇಜರ್ ಹೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಅದು ಹನ್ನೆರಡು ವರ್ಷದ ಗಿರಾಕಿ.

"ನೀನೂ ಒಂದು ಸೈಕಲ್ ತಗೋ," ಎಂದ ಗಂಡ.

"ಅವಳು ತಗೊಂಡಿದ್ದನ್ನೇ ನಾನೂ ತಗೊಳ್ಬೇಕಾ? ಚೈನಿನ ಮಸಿ ಬಟ್ಟೆಗೆ ಹತ್ತಿದ್ರೆ ನೀವು ಬಂದು ಒಗೀತೀರಾ?"

ಭಾನುವಾರ ವಾರಗಿತ್ತಿಯೇ ಸೈಕಲ್ ತಳ್ಳಿಕೊಂಡು ಬಂದಳು. "ಅಕ್ಕಾ, ಒಂದು ಸುತ್ತು ಓಡಿಸಿ ನೋಡಿ. ಇಷ್ಟ ಆಗ್ಲಿಲ್ಲ ಅಂದ್ರೆ ಬಾಯ್ತುಂಬ ಬೈರಿ."

"ಬೈಯೋಕೆ ಓಡಿಸಲೇ ಬೇಕಾ?" ಎಂದರೂ ಅಕ್ಕ ಎದ್ದಳು. ತಪ್ಪು ಹುಡುಕುವ ಆಸೆ. ಬಿಳಿ ಟವೆಲ್ ತಂದು ಚೈನಿನ ಹತ್ತಿರ ಗಸಗಸ ಉಜ್ಜಿದಳು. ಚೈನಿಗೆ ಪೂರ್ತಿ ಮುಚ್ಚಳವಿತ್ತು, ಟವೆಲ್ ಬೆಳ್ಳಗೇ ಬಂತು. ಎಡಗೈಯಲ್ಲೇ ಎತ್ತಿ ನೋಡಿದಳು. ಒದ್ದೆ ಬಟ್ಟೆಯ ಬಕೆಟ್ಟಿಗಿಂತ ಹಗುರ. ಹೊಟ್ಟೆ ಇನ್ನಷ್ಟು ಉರಿಯಿತು.

ಲಾಡ್ಜಿನ ಗಂಟನ್ನೆಲ್ಲ ಮುಂದಿನ ಬುಟ್ಟಿಗೇ ತುರುಕಿದಳು.

"ಅಷ್ಟೂ ಮುಂದೆ ಬೇಡ ಅಕ್ಕಾ, ಹ್ಯಾಂಡಲ್ ಎಳೆಯುತ್ತೆ."

"ಗಿರಾಕಿ ಬಟ್ಟೆ ನನ್ನ ಕಣ್ಮುಂದೆ ಇರ್ಬೇಕು. ಬೆನ್ನ ಹಿಂದೆ ಇಟ್ಟು ಗೊತ್ತಿಲ್ಲ ನನಗೆ."

ಹತ್ತು ಮಾರು ಹೋಗಿದ್ದಳೋ ಇಲ್ಲವೋ, ಹ್ಯಾಂಡಲ್ ಎಡಕ್ಕೆ ತಿರುಗಿ ಸೈಕಲ್ ಗೋಡೆಗೆ ಒರಗಿತು. ಸೀಟು ತಗ್ಗಿದ್ದರಿಂದ ಕಾಲು ನೆಲಕ್ಕೆ ಎಟುಕಿತು, ಬೀಳಲಿಲ್ಲ.

ವಾರಗಿತ್ತಿ ನಗಲಿಲ್ಲ. ಭಾರದ ಗಂಟನ್ನು ಹಿಂದಿನ ಕ್ಯಾರಿಯರಿಗೆ ಬಿಗಿದು, ಬುಟ್ಟಿಯಲ್ಲಿ ದಿಂಬಿನ ಕವರುಗಳನ್ನು ಮಾತ್ರ ಬಿಟ್ಟಳು. ಎರಡೂ ಬ್ರೇಕ್ ಒತ್ತಿ ನೋಡಿದಳು. ಈ ಸಲ ಅಕ್ಕ ಬೀದಿಯ ತುದಿಗೆ ಹೋಗಿ ಬಂದಳು. ಯಾರೂ ಹೇಳದೆ ಇನ್ನೊಂದು ಸುತ್ತು ಹೊಡೆದಳು. ಭುಜ ನೋಯಲಿಲ್ಲ.

ಇಳಿದವಳೇ ಸಿಡುಕಿದಳು: "ಲಾಡ್ಜಿನ ಕೆಲಸ ತಾನಾಗೇ ನಿನ್ನ ಮಡಿಲಿಗೆ ಬೀಳ್ತಿತ್ತು. ಕಲಿಸೋಕೆ ಯಾಕೆ ಬಂದೆ?"

ವಾರಗಿತ್ತಿ ತಲೆ ತಗ್ಗಿಸಿದಳು. "ನಿಮ್ಮಕ್ಕನ ಹಾಗೆ ಒಂದೂ ಸುಕ್ಕಿಲ್ಲದೆ ಇಸ್ತ್ರಿ ಮಾಡ್ತೀಯಾ ಅಂತ ಮ್ಯಾನೇಜರ್ ಕೇಳಿದ್ರು. ನನಗೆ ಬರಲ್ಲ ಅಕ್ಕಾ. ಮದುವೆಯಾಗಿ ಬಂದಾಗಿಂದ ನಿಮ್ಮ ಕೈ ನೋಡಿ ಹೊಟ್ಟೆ ಉರ್ಕೊಂಡಿದೀನಿ. ಆ ಕೈಯೇ ನಿಂತುಹೋದ್ರೆ ಯಾರ ಹತ್ರ ಕಲೀಲಿ?"

ಅಕ್ಕ ಸೈಕಲ್ಲನ್ನು ಗೋಡೆಗೆ ಒರಗಿಸಿದಳು. ಆಮೇಲೆ, "ಒಳಗೆ ಬಾ, ಇಸ್ತ್ರಿಪೆಟ್ಟಿಗೆ ಬಿಸಿಯಾಗಿದೆ," ಎಂದಳು.

ಸೋಮವಾರ ಏಳೂವರೆಗೆ ಅಕ್ಕ ವಾರಗಿತ್ತಿ ಬಿಟ್ಟುಹೋಗಿದ್ದ ಅದೇ ಸೈಕಲ್ಲಿನಲ್ಲಿ ಲಾಡ್ಜ್ ಮುಟ್ಟಿದಳು. ಕೆಲಸ ಉಳಿಯಿತು. ಸಂಜೆ ಗಂಡನನ್ನು ಕರೆದುಕೊಂಡು ತನ್ನದೊಂದು ಸೈಕಲ್ ನೋಡಲು ಅಂಗಡಿಗೆ ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ಪಕ್ಕದವರ ಸೈಕಲ್ ಕಂಡು ನಿಮಗೂ ಹೊಟ್ಟೆಕಿಚ್ಚೇ? ನನಗೂ ಇದೆ. ಆದರೆ ಕಿಟಕಿಯಲ್ಲಿ ನಿಂತು ಕರುಬಬೇಡಿ. ದಿನಾ ಹೊರುವ ಗಂಟನ್ನೇ ಅಂಗಡಿಗೆ ಒಯ್ಯಿರಿ, ಅದನ್ನು ಕಟ್ಟಿಕೊಂಡೇ ಓಡಿಸಿ ನೋಡಿ. ಕಾಲು ನೆಲಕ್ಕೆ ಎಟುಕಲಿ, ಬ್ರೇಕ್ ಹಿಡಿಯಲಿ, ಭಾರ ಹಿಂದಿರಲಿ. ಗಂಟು ನಾಳೆಯೂ ಬರುತ್ತದೆ. ಭುಜ ಇರುವುದು ಎರಡೇ.