ಬಾಣಂತಿ ಕೋಣೆಯ ಹೀಟರ್

ಗುಂಡ್ಲುಪೇಟೆಯಲ್ಲಿ ಮೂವತ್ತು ವರ್ಷದಿಂದ ಗ್ಯಾಸ್ ಒಲೆ ರಿಪೇರಿ ಮಾಡುತ್ತಿದ್ದ ಸೋಮಯ್ಯನಿಗೆ ಇದ್ದದ್ದು ಒಂದೇ ಹಟ. ತನ್ನ ಕೈ ದಾಟಿ ಹೋದ ಒಲೆ ವಾಪಸು ಬರಬಾರದು. ಬಂದರೆ ಆವತ್ತು ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಥವನ ಅಂಗಡಿಗೆ ಚಿಕ್ಕಮಾದಯ್ಯನ ಹೀಟರ್ ಒಂದೇ ವಾರದಲ್ಲಿ ಮೂರನೇ ಸಲ ಬಂತು.

ಚಕ್ರವಿದ್ದ ಕಬ್ಬಿಣದ ಪೆಟ್ಟಿಗೆ ಅದು, ಬೆನ್ನಿಗೊಂದು ಸಣ್ಣ ಸಿಲಿಂಡರ್. ಚಿಕ್ಕಮಾದಯ್ಯನ ಮಗ ಶಂಕರ್ ಊಟಿ ರಸ್ತೆಯ ಯಾವುದೋ ರೆಸಾರ್ಟಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಮೂಲೆ ಸೇರಿದ್ದನ್ನು ಕೇಳಿ ಇಸಕೊಂಡು ತಂದಿದ್ದ. ಅವನ ತಂಗಿ ಕುಮಾರಿ ಬದನಗುಪ್ಪೆಯ ಗಂಡನ ಮನೆಯಿಂದ ಹೆರಿಗೆಗೆ ಬಂದು, ಹೆತ್ತು ಹದಿನೆಂಟು ದಿನವಾಗಿತ್ತು. ಜನವರಿಯ ಚಳಿ, ಬಾಣಂತಿಗೆ ಕಾವು ಬೇಕು. ಕೆಂಡ ಇಟ್ಟರೆ ಹೊಗೆಗೆ ಕೂಸು ಕೆಮ್ಮುತ್ತಿತ್ತು. ಈ ಪೆಟ್ಟಿಗೆಯಲ್ಲಿ ಹೊಗೆಯೇ ಇಲ್ಲವಲ್ಲ ಎಂದು ಮನೆಮಂದಿಯೆಲ್ಲ ಹಿಗ್ಗಿದ್ದರು.

"ಏನ್ ಸೋಮಣ್ಣ, ಇಲ್ಲಿ ಚೆಂದಾಗಿ ಉರೀತದೆ, ಮನೆಗೆ ತಕ್ಕೊಂಡೋದ್ರೆ ಅರ್ಧ ಗಂಟೇಲಿ ಆರೋಯ್ತದೆ," ಎಂದ ಚಿಕ್ಕಮಾದಯ್ಯ. "ಕೈಲಾಗ್ದಿದ್ರೆ ಏಳ್ಬುಡು, ಮೈಸೂರ್ಗೆ ಕಳಿಸ್ತೀನಿ."

ಪಕ್ಕದ ಟೀ ಅಂಗಡಿಯಲ್ಲಿದ್ದ ಈರುಳ್ಳಿ ಲಾರಿಯವರು ಕಿಸಕ್ಕನೆ ನಕ್ಕರು. ಸೋಮಯ್ಯನಿಗೆ ಮೈಯೆಲ್ಲ ಉರಿದುಹೋಯಿತು.

ಮೊದಲ ಸಲ ಅವನು ಸೂಜಿ ಹಾಕಿ ಬರ್ನರಿನ ಕಸ ತೆಗೆದಿದ್ದ. ಎರಡನೇ ಸಲ ರೆಗ್ಯುಲೇಟರ್, ಟ್ಯೂಬ್ ಎರಡನ್ನೂ ಬದಲಿಸಿದ್ದ. ಈಗ ಅಂಗಡಿಯ ಮುಂದೆ, ರಸ್ತೆಯ ಗಾಳಿಯಲ್ಲೇ ಹಚ್ಚಿಟ್ಟ. ಒಂದು ಕ್ಷಣವೂ ತಡವರಿಸದೆ ಉರಿಯಿತು. ಹಾಗಾದರೆ ಮನೆಯಲ್ಲೇ ಯಾಕೆ ಆರುತ್ತದೆ? ಕೇಳಬೇಕಾದ ಮಾತು ಅದೊಂದೇ ಇತ್ತು, ಪುಣ್ಯಾತ್ಮ ಅದನ್ನೇ ಕೇಳಲಿಲ್ಲ. ಕುಮಾರಿ ಹೆತ್ತ ಸುದ್ದಿ ಅವನಿಗೆ ಗೊತ್ತಿತ್ತು. ಬಾಣಂತಿ ಕೋಣೆ ಹೇಗಿರುತ್ತದೆ ಎನ್ನುವುದು ಊರಿಗೇ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡುವ ತಾಳ್ಮೆ ಮಾತ್ರ ಆ ಹೊತ್ತಿಗೆ ಇರಲಿಲ್ಲ.

ಬರ್ನರಿನ ಪಕ್ಕದಲ್ಲಿ ಒಂದು ಸಣ್ಣ ಜ್ವಾಲೆ, ಅದಕ್ಕೆ ತಾಗಿಕೊಂಡು ತಾಮ್ರದ ಕಡ್ಡಿ. ಜ್ವಾಲೆ ಸೊರಗಿ ಕಡ್ಡಿ ತಣ್ಣಗಾದರೆ ವಾಲ್ವ್ ತಾನಾಗಿ ಮುಚ್ಚಿಕೊಂಡು ಗ್ಯಾಸ್ ನಿಂತುಹೋಗುತ್ತಿತ್ತು. ತನ್ನ ಮಾನ ಕಳೆದ ಕಳ್ಳ ಇದೇ ಎಂದುಕೊಂಡ ಸೋಮಯ್ಯ. ಪೆಟ್ಟಿಗೆಯ ಬೆನ್ನ ಮೇಲೆ ಹಳದಿ ಚೀಟಿಯಲ್ಲಿ ಅರ್ಧ ತೆರೆದ ಕಿಟಕಿಯ ಚಿತ್ರವಿತ್ತು. ಕಂಪನಿಯವರ ಅಲಂಕಾರವಿರಬೇಕೆಂದು ಅದರ ಮೇಲೆಯೇ ಕೈಯಿಟ್ಟು ಪೆಟ್ಟಿಗೆ ತಿರುಗಿಸಿದ. ವಾಲ್ವ್ ಬಿಚ್ಚಿ, ಮುಚ್ಚುವ ಸ್ಪ್ರಿಂಗನ್ನೇ ಕಿತ್ತು ಡಬ್ಬಿಗೆ ಹಾಕಿದ.

"ಇನ್ನು ನೀನಾಗಿ ಆರಿಸೋಗಂಟ ಆರಲ್ಲ, ಓಗು," ಎಂದ.

ಎರಡು ಗಂಟೆ ಕಳೆದಿರಬೇಕು. ಬಾಣಂತಿಗೆ ಬೆಳ್ಳುಳ್ಳಿ ಕೊಳ್ಳಲು ಪೇಟೆಗೆ ಬಂದಿದ್ದ ಚಿಕ್ಕಮಾದಯ್ಯನ ಹೆಂಡತಿ ಚಿಕ್ಕನಿಂಗಮ್ಮ ಅಂಗಡಿಯ ಮುಂದೆ ನಿಂತಳು.

"ನಿನ್ ಕೈಗೆ ಚಿನ್ನದ ಬಳೆ ಆಕ್ಬೇಕು ಕಣಣ್ಣ! ನೀರುಯ್ದು ಮಲಗಿಸ್ದಾಗ ಅಚ್ಚಿದ್ದು, ಇನ್ನೂ ಆರಿಲ್ಲ."

ಸೋಮಯ್ಯ ಮೀಸೆಯಲ್ಲೇ ನಕ್ಕ.

"ಕುಮಾರಿ ತಲೆ ಸಿಡೀತದೆ ಅಂದ್ಲು. ನೀರುಯ್ಕೊಂಡ ಸುಸ್ತು, ಮನೀಕೊ ಅಂದೆ. ಎಂಥಾ ನಿದ್ದೆ ಅಂತೀಯ, ಬರೋವಾಗ ಕರುದ್ರೂ ಊಂ ಅನ್ನಲಿಲ್ಲ. ಕೂಸೂ ಅಂಗೇಯ, ಹಾಲಿಗೂ ಅಳ್ನಿಲ್ಲ. ಇಬ್ರ ಕೆನ್ನೆನೂ ದಾಸವಾಳದಂಗೆ ಕೆಂಪಗವೆ."

ಸೋಮಯ್ಯನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು. "ಕಿಟಕಿ ತೆಗ್ದಿದ್ದೀಯಾ ನಿಂಗಮ್ಮ?"

"ಅಯ್ಯೋ, ಬಾಣಂತಿ ಕೋಣೆ ಕಿಟಕಿ ಯಾರ್ ತೆಗೀತಾರೆ? ಹಳೇ ಸೀರೆ ತುರುಕಿವ್ನಿ. ಬಾಗ್ಲು ಸಂದಿಗೂ ಗೋಣಿಚೀಲ ಕೊಟ್ಟಿವ್ನಿ. ಒಂದೆಳೆ ಗಾಳಿ ಆಡಲ್ಲ."

ಆಗ ಅವನಿಗೆ ಹಳದಿ ಚೀಟಿಯ ಕಿಟಕಿ ಅರ್ಥವಾಯಿತು. ಹೀಟರ್ ಕೆಟ್ಟೇ ಇರಲಿಲ್ಲ. ಕೋಣೆಯ ಗಾಳಿ ಕೆಟ್ಟಾಗ ಆರಿಹೋಗುವುದೇ ಅದರ ಕೆಲಸ. ಹಚ್ಚಿದಾಗಲೆಲ್ಲ ಅದು ತಾನು ಆರಿ ತಾಯಿ ಮಗುವನ್ನು ಉಳಿಸಿತ್ತು. ಆ ಕಾವಲನ್ನು ಅವನು ಕೈಯಾರೆ ಕಿತ್ತು ಕಳಿಸಿದ್ದ.

"ಗಾಡಿ ಹತ್ತು," ಎಂದ. ಚಿಕ್ಕನಿಂಗಮ್ಮ ಏನು, ಎತ್ತ ಎಂದು ಕೇಳುತ್ತಲೇ ಮೊಪೆಡ್ಡಿನ ಹಿಂದೆ ಕೂತಳು. ಅಷ್ಟು ಹೆದರಿಕೆ ಸೋಮಯ್ಯನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಜಗಲಿಯಲ್ಲಿ ಕೂತಿದ್ದ ಚಿಕ್ಕಮಾದಯ್ಯ ಎದ್ದು ಅಡ್ಡ ಬಂದ. "ಏಯ್, ಬಾಣಂತಿ ಕೋಣೆ ಕಣೋ!" ಸೋಮಯ್ಯ ಅವನನ್ನು ನೂಕಿ ಬಾಗಿಲಿಗೆ ಒದ್ದ. ಒಳಗಿನ ಕಾವು ಮುಖಕ್ಕೆ ಬಡಿಯಿತು. ಮೂಲೆಯಲ್ಲಿ ಹೀಟರ್ ಸೊಗಸಾಗಿ ಉರಿಯುತ್ತಿತ್ತು. ಸಿಲಿಂಡರ್ ತಿರುಗಿಸಿ ಆರಿಸಿದ, ಕಿಟಕಿಯ ಸೀರೆ ಕಿತ್ತೆಸೆದ, ಕೂಸನ್ನು ಬಾಚಿಕೊಂಡು ಹೊರಗೋಡಿದ. ಅದು ಅವನ ಕೈಯಲ್ಲಿ ಹಿಂಡಿದ ಬಟ್ಟೆಯಂತೆ ಜೋತುಬಿತ್ತು.

"ಮಗಳನ್ನ ಎಳ್ಕೊಂಡು ಬಾರಯ್ಯ, ವಿಷಗಾಳಿ ತುಂಬ್ಕೊಂಡದೆ ಒಳಗೆ!"

ಚಿಕ್ಕಮಾದಯ್ಯ ಕುಮಾರಿಯನ್ನು ತೋಳು ಹಿಡಿದು ಎಳೆತಂದ. ಜಗಲಿಗೆ ಬಂದವಳೇ ವಾಂತಿ ಮಾಡಿಕೊಂಡು ನರಳಿದಳು. ಕೂಸಿನದು ಮಾತ್ರ ಸದ್ದಿಲ್ಲ. ಸೋಮಯ್ಯ ಅದರ ಬೆನ್ನು ತಿಕ್ಕಿದ, ಅಂಗಾಲು ತಿಕ್ಕಿದ, ಬಾಯಿಗೆ ಬಾಯಿಟ್ಟು ಮೆಲ್ಲಗೆ ಊದಿದ. ಚಿಕ್ಕಮಾದಯ್ಯ ಆಸ್ಪತ್ರೆಗೆ ಆಟೋ ತರಲು ರಸ್ತೆಗೆ ಓಡಿದ. ಎಷ್ಟೋ ಹೊತ್ತಾದ ಮೇಲೆ ಕೂಸಿನ ಎದೆ ಒಮ್ಮೆ ಎದ್ದಿತು. ಆಮೇಲೆ ಸಣ್ಣಗೆ, ಕೀರಲಾಗಿ ಅತ್ತಿತು.

ಸೋಮಯ್ಯನೂ ಅತ್ತ. "ಹೀಟರ್ ಸರಿಯಾಗೇ ಇತ್ತು ಕಣವ್ವ. ಕೆಡಿಸ್ದೋನು ನಾನು."

ಚಿಕ್ಕನಿಂಗಮ್ಮನಿಗೆ ಆ ಮಾತು ಕೇಳಿಸಲೇ ಇಲ್ಲ. ಅವಳ ಕಣ್ಣು ಚಳಿಗಾಳಿಯಲ್ಲಿ ನಡುಗುವ ಮೊಮ್ಮಗುವಿನ ಮೇಲಿತ್ತು. "ಬಾಣಂತೀನ ಬಯಲಿಗೆ ತಂದ್ಯಲ್ಲೋ ಪಾಪಿ! ವಾಂತಿ ಆಗ್ದೆ ಇನ್ನೇನಾದಾತು? ಸುಮ್ಗೆ ಮಲಗಿದ್ ಕೂಸಿಗೂ ಗಾಳಿ ತಗುಲ್ತು, ಅದ್ಕೇ ಅಳ್ತಾ ಅದೆ," ಎಂದು ಕೂಸನ್ನು ಕಿತ್ತುಕೊಂಡು, ಮತ್ತೆ ಒಳಗೆ ಮಲಗಿಸಿ ಬಾಗಿಲು ಮುಚ್ಚಲು ಕೋಣೆಯತ್ತ ನಡೆದಳು.

ಸೋಮಯ್ಯ ಅವಳಿಗಿಂತ ಮುಂಚೆ ಹೋಗಿ ಹೊಸ್ತಿಲಿಗೆ ಅಡ್ಡ ಮಲಗಿಬಿಟ್ಟ.

"ಒಳಕ್ಕೆ ಓಗ್ಬೇಕಾದ್ರೆ ನನ್ನ ತುಳ್ಕೊಂಡು ಓಗು ತಾಯಿ," ಎಂದ.