ಬಾಗಿಲು, ನಿಂಬೆ, ಕುದುರೆ, ಗಂಟೆ, ಮೋಡ

ಆ ಸದ್ದು ಬೇಲಿಯಾಚೆ ನಿಂತಿದ್ದ ನನಗೂ ಕೇಳಿಸಿತು. ಚೆಂಡಿಗೆಂದು ಹಾರಿದ ನನ್ನ ಮಗಳ ತಲೆಗೆ ಎದುರು ತಂಡದ ಹುಡುಗಿಯ ಮೊಣಕಾಲು ಬಡಿದಿತ್ತು. ಮಗಳು ಹೈಸ್ಕೂಲು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಎಲ್ಲಿಂದ ಹಾರಿದರೂ ಕಾಲೂರಿಯೇ ಇಳಿಯುತ್ತಾಳೆಂದು ಎಲ್ಲರೂ ಅವಳನ್ನು ಬೆಕ್ಕು ಎನ್ನುತ್ತಾರೆ. ಆ ದಿನ ಬೆಕ್ಕು ಅಂಗಾತ ಬಿತ್ತು. 

ಎದ್ದು ನಿಂತಳು, ನಿಜ. ಕೋಚ್ ಅವಳನ್ನು ಗೆರೆಯಾಚೆ ಕರೆದು, ಪರೀಕ್ಷೆ ಮುಗಿಯುವವರೆಗೆ ಬದಲಿ ಹುಡುಗಿಯನ್ನು ಒಳಗೆ ಕಳಿಸಿದ. ಕೋಚ್ ಬೇರೆ ಯಾರೂ ಅಲ್ಲ, ನನ್ನ ತಮ್ಮನೇ. ತಲೆಗೆ ಪೆಟ್ಟಾದರೆ ಹೊರಗೆ ಕರೆದು ಪರೀಕ್ಷಿಸಬೇಕು, ಎಳ್ಳಷ್ಟು ಅನುಮಾನವಿದ್ದರೂ ಆ ದಿನದ ಆಟ ಮುಗಿಯಿತು ಎನ್ನುವುದು ನಿಯಮ. ಅವನು ನಿಯಮ ಮೀರುವವನಲ್ಲ. ಆದರೆ ಅದು ಫೈನಲ್, ಎರಡೂ ತಂಡ ಸಮಸಮ, ಬದಲಿ ಹುಡುಗಿಯೋ ಚೆಂಡು ಬಂದರೆ ಕಣ್ಣು ಮುಚ್ಚುವವಳು. ಅವನ ಒಂದು ಕಣ್ಣು ಅಕ್ಕನ ಮಗಳ ಮೇಲಿದ್ದರೆ ಇನ್ನೊಂದು ಆಟದ ಮೇಲಿತ್ತು.

ನಾನು ಬೇಲಿ ದಾಟಿ ಓಡಿದೆ. ಯಾರ ಮೇಲೆ ಆಡುತ್ತಿದ್ದೀಯ, ಕೊನೆಯ ಗೋಲು ಯಾರದು ಎಂದೆಲ್ಲ ಅವನು ಕೇಳಿದ, ಅವಳು ಸರಿಯಾಗಿಯೇ ಹೇಳಿದಳು. ಉಳಿದದ್ದು ನೆನಪಿನ ಪರೀಕ್ಷೆ. ಅವನು ಐದು ಪದ ಹೇಳಬೇಕು, ಅವಳು ಅವನ್ನು ತಿರುಗಿ ಒಪ್ಪಿಸಬೇಕು.

"ಐದು ಪದ ಹೇಳ್ತೀನಿ, ಸರಿಯಾಗಿ ಕೇಳ್ಸ್ಕೋ," ಎಂದ. ಅಷ್ಟರಲ್ಲಿ ಗೋಲಿನ ಮುಂದೆ ಗಲಾಟೆಯೆದ್ದು ಅತ್ತ ತಿರುಗಿದ.

"ಬಾಗಿಲು, ನಿಂಬೆ, ಕುದುರೆ, ಗಂಟೆ, ಮೋಡ," ಎಂದಳು ಬೆಕ್ಕು.

"ಶಾಭಾಸ್, ಹೋಗು," ಎಂದ ಅವನು, ಇತ್ತ ನೋಡದೆ.

ಆ ಪದಗಳು ನನಗೆ ಹೊಸವಲ್ಲ. ನನ್ನದು ಇಸ್ತ್ರಿ ಅಂಗಡಿ, ತಂಡದ ಜೆರ್ಸಿಗಳೆಲ್ಲ ನನ್ನಲ್ಲಿಗೇ ಬರುತ್ತವೆ. ಕಾಯುತ್ತ ಕೂತ ಹುಡುಗಿಯರು ಇದೇ ಪದಗಳನ್ನು ಮಗ್ಗಿಯಂತೆ ಹೇಳಿಕೊಂಡು ನಗುವುದನ್ನು ಕೇಳಿದ್ದೆ, ಏನೋ ಹುಡುಗಾಟ ಅಂದುಕೊಂಡಿದ್ದೆ. ಈಗ ಅರ್ಥವಾಯಿತು. ನನ್ನ ತಮ್ಮ ಮಹಾ ಸೋಮಾರಿ, ಹೊಸ ಪದ ಹುಡುಕುವ ಗೋಜಿಗೆ ಹೋದವನಲ್ಲ. ಯಾರಿಗೆ ಪೆಟ್ಟಾದರೂ ಅವೇ ಐದು. ಹೊರಗೆ ಕೂರುವುದು ತಪ್ಪಲೆಂದು ಇಡೀ ತಂಡ ಗಿಣಿಪಾಠ ಮಾಡಿಕೊಂಡಿತ್ತು.

ಬೆಕ್ಕು ಆಗಲೇ ಮೈದಾನಕ್ಕೆ ಕಾಲಿಟ್ಟಿದ್ದಳು. ಜೆರ್ಸಿ ಹಿಡಿದು ಹಿಂದಕ್ಕೆಳೆದೆ.

"ಲೋ, ನೀನಿನ್ನೂ ಪದ ಹೇಳೇ ಇಲ್ಲ ಕಣೋ."

ತಮ್ಮ ಥಟ್ಟನೆ ಇತ್ತ ತಿರುಗಿದ. ಗಾಬರಿಯಲ್ಲಿ ಅವನಿಗೂ ಏನೂ ಹೊಳೆಯದೆ, ಕೊನೆಗೆ ನನ್ನ ಅಂಗಡಿಯ ಸಾಮಾನುಗಳನ್ನೇ ಹೇಳಿದ: ಅಂಗಿ, ಗುಂಡಿ, ಮೇಜು, ಕತ್ತರಿ, ನೀರು. ಮಗಳು ಅವನನ್ನೇ ನೋಡುತ್ತ ನಿಂತಳು.

"ಬಾಗಿಲು," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಬಾಗಿಲು."

ಅವನು ಅವಳ ಕೈಗವಸು ಬಿಚ್ಚಿದ. ನಿನ್ನಿಂದಲೇ ಸೋಲುತ್ತೇವೆ ಎಂದು ಅವಳು ನನ್ನ ಮೇಲೆ ಕೂಗಾಡಿದಳು. ಸೋತೆವು ಕೂಡ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತಸ್ರಾವವೇನೂ ಇಲ್ಲ, ಮೆದುಳು ಅಲುಗಿದೆ ಎಂದರು. ಅದು ಮಾಯುವ ಮೊದಲೇ ಇನ್ನೊಂದು ಪೆಟ್ಟು ಬಿದ್ದಿದ್ದರೆ ಜೀವಕ್ಕೇ ಕುತ್ತಾಗಬಹುದಿತ್ತಂತೆ. ಅಂದಿನಿಂದ ನನಗೆ ಹಗ್ಗ ಕಂಡರೂ ಹಾವು. ಅವಳು ಬಚ್ಚಲ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ನೀರಿನ ಸದ್ದಿಗೆ ಕಿವಿಗೊಡುತ್ತೇನೆ. ಹೀಗೇ ಯೋಚಿಸುತ್ತ ಗಿರಾಕಿಯೊಬ್ಬರ ಅಂಗಿಯನ್ನು ಸುಟ್ಟೂಬಿಟ್ಟೆ.

ಆಟಕ್ಕೆ ಮರಳುವುದಕ್ಕೆ ಮೆಟ್ಟಿಲುಗಳಿವೆ. ಮೊದಲು ವಿಶ್ರಾಂತಿ, ಆಮೇಲೆ ಪಾಠ, ನಡಿಗೆ, ಓಟ, ಒಬ್ಬಳದೇ ಅಭ್ಯಾಸ, ಡಾಕ್ಟರ ಒಪ್ಪಿಗೆ ಸಿಕ್ಕ ಮೇಲೆ ಪಂದ್ಯ. ನೋವು ಬಂದರೆ ಒಂದು ಮೆಟ್ಟಿಲು ಹಿಂದೆ. ನೋವಿದೆಯೋ ಇಲ್ಲವೋ ಹೇಳಬೇಕಾದವಳು ಅವಳೇ, ನಿಂಬೆ ಕುದುರೆ ಎಂದ ಅದೇ ಬಾಯಿ. ನನ್ನ ಹೆದರಿಕೆಯೆಲ್ಲ ಅದೇ. ದಿನವೂ ಕೇಳುತ್ತಿದ್ದೆ, ದಿನವೂ ನನ್ನ ಮುಖ ನೋಡದೆ ಇಲ್ಲ ಎನ್ನುತ್ತಿದ್ದಳು. ಒಂದು ದಿನ ತಡೆಯಲಾಗದೆ ಅಂದುಬಿಟ್ಟೆ: "ಕಪ್ ಮುಂದಿನ ವರ್ಷನೂ ಇರುತ್ತೆ ಕಣೇ. ನೀನು?" ಅವಳು ಗೋಡೆಯತ್ತ ಹೊರಳಿಕೊಂಡಳು.

ಓಟದ ಮೆಟ್ಟಿಲು ಬಂತು. ತಂಡವೆಲ್ಲ ನೋಡುತ್ತಿತ್ತು, ನಾನೂ ಬೇಲಿ ಹಿಡಿದು ನಿಂತಿದ್ದೆ. ಅರ್ಧ ಸುತ್ತು ಓಡಿದ ಬೆಕ್ಕು ನಿಂತಳು. ಯಾರೂ ಕರೆದಿರಲಿಲ್ಲ. ತಾನಾಗಿಯೇ ನನ್ನ ಹತ್ತಿರ ನಡೆದು ಬಂದಳು.

"ತಲೆ ನೋಯ್ತಿದೆ ಅಮ್ಮ," ಎಂದಳು. "ನಿನ್ನೆನೂ ನೋಯ್ತಿತ್ತು."

ಹೆದರಬೇಕಾದ ಮಾತೇ. ಆದರೂ ಎಷ್ಟೋ ದಿನಗಳ ಮೇಲೆ ಆಗಲೇ ನಾನು ಸರಿಯಾಗಿ ಉಸಿರಾಡಿದ್ದು. ತಮ್ಮ ಬಂದು, ಒಂದು ಮೆಟ್ಟಿಲು ಹಿಂದೆ ಎಂದ. ಅವಳು ತಲೆಯಾಡಿಸಿ, ಬೇಲಿಯ ಮೇಲಿದ್ದ ನನ್ನ ಕೈ ಹಿಡಿದುಕೊಂಡಳು.